ಸಣ್ಣ ಉರಿ

ಟೈಲರಮ್ಮನ ಗುಂಡಿ ಡಬ್ಬಿ ಕೈಬಿಟ್ಟು ಹೋದದ್ದು ಗಂಡ ಹಡಗಿನ ಕೆಲಸ ಮುಗಿಸಿ ಕಾಯಂ ಆಗಿ ಮನೆಗೆ ಬಂದ ಮೊದಲ ಶನಿವಾರ. ಗಿರಾಕಿಯೊಬ್ಬಳ ಮನೆಗೆ ಪರದೆಯ ಅಳತೆ ತೆಗೆಯಲು ಹೋಗಿ ಅವಳು ಬರುವಷ್ಟರಲ್ಲಿ ಗುಂಡಿಗಳೆಲ್ಲ ಹಳೆಯ ಪೇಪರಿನ ಮೇಲೆ ರಾಶಿ ಬಿದ್ದಿದ್ದವು. ಕೋಟಿನ ಗುಂಡಿ, ಅಂಗಿಯ ಗುಂಡಿ, ಮಕ್ಕಳ ಫ್ರಾಕಿನ ಗುಂಡಿ, ವರ್ಷಗಟ್ಟಲೆ ಬೇರೆಬೇರೆ ಪೊಟ್ಟಣ ಕಟ್ಟಿ ಇಟ್ಟಿದ್ದು, ಎಲ್ಲ ಕಲಸುಮೇಲೋಗರ. ಡಬ್ಬಿ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಒರೆಸಿಕೊಂಡು ಫಳಫಳ ಹೊಳೆಯುತ್ತ ಕೂತಿತ್ತು.

"ಅಳತೆಗೆ ಹೇಳಿ ಮಾಡಿಸಿದ ಹಾಗಿದೆ ಕಣೇ ಇದು" ಎಂದ ಗಂಡ.

ಅವಳು ದಿನವೂ ಹಾಲು ಕಾಯಿಸುವ ಪಾತ್ರೆಯಲ್ಲಿ ಒಣ ಸಕ್ಕರೆ ಕರಗುತ್ತಿತ್ತು. ಅಂಚಿನಲ್ಲಿ ಮೊದಲು ಹೊಂಬಣ್ಣ, ಆಮೇಲೆ ಜೇನಿನ ಬಣ್ಣ, ಇನ್ನೊಂದು ಕ್ಷಣಕ್ಕೆ ಹಳೆಯ ತಾಮ್ರದ ಬಣ್ಣ. ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ತಿರುಗಿಸುತ್ತ, ಹೊಗೆ ಏಳುವ ಮುಂಚೆ ಅದನ್ನು ಡಬ್ಬಿಗೆ ಸುರಿದು, ಡಬ್ಬಿಯನ್ನು ಆಚೀಚೆ ಓಲಾಡಿಸಿ ತಳಕ್ಕೆಲ್ಲ ಹಿಡಿಸಿದ. ಇನ್ನೊಂದು ಪಾತ್ರೆಯಲ್ಲಿ ನಿಂಬೆ ಸಿಪ್ಪೆ, ಚಕ್ಕೆ ಹಾಕಿ ಕಾಯಿಸಿ ಆರಿಸಿದ ಹಾಲು. ಬಟ್ಟಲಿನಲ್ಲಿ ನೊರೆ ಬಾರದ ಹಾಗೆ ಮೆಲ್ಲಗೆ ಕದಡಿದ ಮೊಟ್ಟೆ, ಸಕ್ಕರೆ. ಎರಡನ್ನೂ ಬೆರೆಸಿ, ಜಾಲರಿಯಲ್ಲಿ ಸೋಸಿ, ಡಬ್ಬಿ ತುಂಬಿಸಿ, ಮುಚ್ಚಳ ಹಾಕಿ, ಅಗಲ ಪಾತ್ರೆಯ ನೀರಿನಲ್ಲಿ ಅರ್ಧ ಮುಳುಗುವಂತೆ ಇಟ್ಟ. ಉರಿಯನ್ನು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಮಾಡಿದ. ನೀರು ನಡುಗಬೇಕು, ಕುದಿಯಬಾರದು, ಕುದಿಯಿತೋ ಕೆಟ್ಟಿತು ಎಂದು ಕೇಳದಿದ್ದರೂ ಹೇಳಿದ. ಇದನ್ನು ಕಲಿಸಿದ ಸ್ಪೇನಿನ ಮುದುಕ ಅಡುಗೆಯವನು ಹಡಗಿನಲ್ಲಿ ನೀರು ಕುದ್ದ ಸದ್ದು ಕೇಳಿಸಿದರೆ ಸೌಟಿನಲ್ಲೇ ಬಾರಿಸುತ್ತಿದ್ದನಂತೆ.

ಅವಳು ಗುಂಡಿಗಳನ್ನು ಪೇಪರಿನ ಸಮೇತ ಎತ್ತಿಕೊಂಡು ಹೊಲಿಗೆ ಕೋಣೆಗೆ ಹೋದಳು. ತಳಕ್ಕೆ ಕಚ್ಚಿದ ಹಾಲಿನ ಪಾತ್ರೆಯನ್ನು ರಾತ್ರಿ ಊಟದ ಪಾತ್ರೆಗಳ ಜೊತೆಗೆ ತಿಕ್ಕಿದವಳೂ ಅವಳೇ.

ಮರುದಿನ ಮಧ್ಯಾಹ್ನ ಊಟ ಮುಗಿಯುತ್ತಿದ್ದಂತೆ ಅವನು ಫ್ರಿಜ್ಜಿನಿಂದ ಡಬ್ಬಿ ತೆಗೆದು, ಅಂಚಿಗೆ ಚಾಕು ಆಡಿಸಿ, ತಟ್ಟೆ ಕವುಚಿ ಬೋರಲು ಹಾಕಿದ. ನುಣ್ಣಗಿನ ಹಳದಿ ಗುಡ್ಡೆ ಅಲುಗುತ್ತ ಇಳಿಯಿತು. ತಲೆಯ ಮೇಲಿನ ಕಂದು ಪಾಕ ಸುತ್ತಲೂ ಹರಿದು ತಟ್ಟೆ ತುಂಬಿತು. ಮಗ ಬಾಯಿಬಿಟ್ಟುಕೊಂಡು ನೋಡಿದ. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. ಇಂಥದ್ದನ್ನು ಜನ್ಮದಲ್ಲಿ ತಿಂದಿಲ್ಲ ಎಂದ. ಹೆಸರು ಫ್ಲಾನ್ ಎಂದು ಅವರಪ್ಪ ಹೇಳಿಕೊಟ್ಟ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ಭಾನುವಾರವಾದ್ದರಿಂದ ಮನೆಯಲ್ಲಿದ್ದಳು. ಅವಳೂ ಎರಡು ಸಲ ಹಾಕಿಸಿಕೊಂಡಳು. ಆ ಊಟಕ್ಕೆ ಅನ್ನ, ಬೇಳೆ, ಹುರಿದ ಮೀನು, ಎರಡು ತರಹದ ತರಕಾರಿ ಮಾಡಿದ್ದ ಟೈಲರಮ್ಮ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು.

ಅಲ್ಲಿಂದ ಶನಿವಾರ ಸಂಜೆಯಾಯಿತೆಂದರೆ ಬೀದಿಗೆಲ್ಲ ಸಕ್ಕರೆ ಸುಟ್ಟ ವಾಸನೆ. ಅವನು ಹಡಗಿನಲ್ಲಿ ಅಧಿಕಾರಿಗಳ ಊಟದ ಮೇಜಿಗೆ ಅಡುಗೆ ಮಾಡುತ್ತಿದ್ದವನು. ಆದರೆ ಬೀದಿಯವರು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು, ಅವನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಭಾನುವಾರ ಒಂದೊಂದು ತುಂಡು ಪಕ್ಕದ ಮನೆಗೆ, ಎದುರು ಮನೆಗೆ, ಮೂಲೆಯ ಔಷಧಿ ಅಂಗಡಿಯವನಿಗೆ ಹೋಗತೊಡಗಿತು. ಬಟ್ಟೆ ಕೊಡಲು ಬಂದ ಹೆಂಗಸರು ಅಳತೆ ಕೊಡುತ್ತಲೇ ಹೇಳುತ್ತಿದ್ದರು, ನಿಮ್ಮ ಹಾಗೆ ಪುಣ್ಯ ಮಾಡಿದವರು ಯಾರಿದ್ದಾರೆ, ನಮ್ಮ ಮನೆಯವರು ಒಂದು ಲೋಟ ನೀರು ಕುದಿಸಲಿ ನೋಡೋಣ ಎಂದು. ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು. ಉತ್ತರ ಕೊಡದಿರಲು ಅದೊಂದು ಅನುಕೂಲ.

ಅವಳು ಅದನ್ನು ಫ್ಲಾನ್ ಎಂದು ಒಂದು ದಿನವೂ ಕರೆಯಲಿಲ್ಲ. ಮೊಟ್ಟೆ ಹಾಲು ಎನ್ನುತ್ತಿದ್ದಳು. ಒಂದು ಚಮಚವನ್ನೂ ಬಾಯಿಗೆ ಇಡಲಿಲ್ಲ. ಯಾಕೆ ಎಂದು ಕ್ಯಾಪ್ಟನ್ ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದಳು. ಪ್ರತಿ ಭಾನುವಾರವೂ ಅವಳ ಹೊಟ್ಟೆ ಸರಿಯಿರುತ್ತಿರಲಿಲ್ಲ.

ಹೊಟ್ಟೆಯೊಳಗೆ ಇದ್ದದ್ದು ಒಂದು ಹೊಲಿಗೆ ಮೆಷಿನ್.

ಅದನ್ನು ಅವಳ ಅಪ್ಪ ಕೊಡಿಸಿದ್ದು. ಮದುವೆಗೆ ಮುಂಚೆ ಆ ಮೆಷಿನ್ನಿನ ಮೇಲೆ ಅವಳು ಕೈ ಪಳಗಿಸಿಕೊಂಡಿದ್ದಳು. ಮದುವೆಯಾದ ಮೇಲೆ ಗಂಡ ಸಮುದ್ರದಲ್ಲಿ, ಅವಳು ಹಾಸಿಗೆ ಹಿಡಿದ ಅತ್ತೆಯ ಹತ್ತಿರ, ಕಂಕುಳಲ್ಲಿ ಮಗು. ಮಧ್ಯಾಹ್ನ ಅತ್ತೆಗೂ ಮಗುವಿಗೂ ನಿದ್ದೆ ಬಂದಾಗ ಮೆಷಿನ್ ತುಳಿಯುತ್ತಿದ್ದಳು. ಅದೊಂದು ಹೊತ್ತು ಅವಳದು. ಮಗ ನಡೆಯಲು ಕಲಿತ ವರ್ಷ ಅವಳ ತಾಯಿಗೆ ಕಾಯಿಲೆಯಾಯಿತು. ಗಂಡ ರಜೆಯಲ್ಲಿ ಬಂದಿದ್ದನಲ್ಲ, ಅವನನ್ನು ಅತ್ತೆಯ ಹತ್ತಿರ ಬಿಟ್ಟು, ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ತಾಯಿ ಉಳಿಯಲಿಲ್ಲ. ಎಲ್ಲ ಮುಗಿಸಿ ಬಂದು ನೋಡಿದರೆ ಕಿಟಕಿಯ ಪಕ್ಕ ನೆಲದ ಮೇಲೆ ಮೆಷಿನ್ನಿನ ಕಾಲಿನ ಗುರುತು ಮಾತ್ರ ಇತ್ತು. ತಂಗಿಯ ಮದುವೆ ಗೊತ್ತಾಯಿತು, ಉಡುಗೊರೆಯಾಗಿ ಕೊಟ್ಟುಬಿಟ್ಟೆ, ನಿನಗೆ ಮುಂದಿನ ಸಲ ಬರುವಾಗ ಇದಕ್ಕಿಂತ ಒಳ್ಳೆಯದು ತರುತ್ತೇನೆ ಎಂದು ಗಂಡ ಹೇಳಿದ. ಮುಂದಿನ ಸಲ ಬರುವಾಗ ಗೋಡೆ ಗಡಿಯಾರ ತಂದ.

ನಾದಿನಿ ಅದರಲ್ಲಿ ಒಂದು ಕರವಸ್ತ್ರವನ್ನೂ ಹೊಲಿಯಲಿಲ್ಲ. ಅವಳ ಮನೆಗೆ ಹೋದಾಗ ಟೈಲರಮ್ಮ ಕಣ್ಣಾರೆ ನೋಡಿದ್ದಳು. ಮೆಷಿನ್ನಿನ ಮೇಲೆ ಹೂವಿನ ಬಟ್ಟೆ ಹಾಸಿ, ಅದರ ಮೇಲೆ ಟಿವಿ ಇಟ್ಟಿದ್ದರು. ಪೆಡಲಿನ ಮೇಲೆ ಚಪ್ಪಲಿ. ಆಮೇಲೆ ಅವಳು ಬೇರೆಯವರ ಅಂಗಡಿಯಲ್ಲಿ ಕೂತು ಕಾಜ ತೆಗೆದು, ಹೆಮ್ ಹಾಕಿ, ವರ್ಷಗಳು ಕಳೆದ ಮೇಲೆ ತನ್ನದೇ ಒಂದು ಮೆಷಿನ್ ತೆಗೆದುಕೊಂಡಳು, ಬೀದಿಗೆ ಟೈಲರಮ್ಮ ಆದಳು. ಆ ಹಳೆಯ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ಹೇಳಿಕೊಳ್ಳುವಷ್ಟು ದೊಡ್ಡದಲ್ಲ ಎಂದು ಎಲ್ಲರೂ ಅನ್ನುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಮರೆಯುವಷ್ಟು ಚಿಕ್ಕದೂ ಆಗಿರಲಿಲ್ಲ.

ಈಗ ನಾದಿನಿ ಗಂಡನ ಜೊತೆ ಊಟಕ್ಕೆ ಬರುವವಳಿದ್ದಳು. ಅಣ್ಣ ಕಾಯಂ ಬಂದಮೇಲೆ ಮೊದಲ ಸಲ. ಕ್ಯಾಪ್ಟನ್ನನದು ವಾರದ ಮೊದಲಿನಿಂದಲೇ ಅದೇ ಜಪ. ತಂಗಿಗೆ ದೊಡ್ಡ ಫ್ಲಾನ್ ಮಾಡಬೇಕು, ಹನ್ನೆರಡು ಮೊಟ್ಟೆಯದು. ಗುಂಡಿ ಡಬ್ಬಿ ಸಾಲದೆಂದು ಟೈಲರಮ್ಮ ಹಿಟ್ಟು ತುಂಬಿಡುತ್ತಿದ್ದ ದೊಡ್ಡ ಡಬ್ಬಿಯನ್ನು ಖಾಲಿ ಮಾಡಿದ. ಊಟಕ್ಕೆ ಏನೇನು ಮಾಡಬೇಕೆಂದು ಹೆಂಡತಿಗೆ ಹೇಳಿದ. ಹೇಳಿದ್ದೆಲ್ಲ ಮಾಡಲು ಅವಳಿಗೆ ಶನಿವಾರವಿಡೀ ಬೇಕಾಯಿತು.

ಸಂಜೆ ದೊಡ್ಡ ಡಬ್ಬಿ ನೀರಿನಲ್ಲಿ ಕೂತಿತು. ಕೆಲಸದಿಂದ ಬಂದ ಸೊಸೆ ಮೂಲೆಯಲ್ಲಿ ಬೀನ್ಸ್ ಕತ್ತರಿಸುತ್ತಿದ್ದಳು. ಉರಿಯ ಕಡೆ ಒಂದು ಕಣ್ಣಿಟ್ಟಿರಮ್ಮ ಎಂದು ಅವಳಿಗೆ ಹೇಳಿ ಕ್ಯಾಪ್ಟನ್ ಸ್ನಾನಕ್ಕೆ ಹೋದ. ಅಷ್ಟರಲ್ಲಿ ಸೊಸೆಯ ಫೋನು ಬಡಿದುಕೊಂಡಿತು. ಲ್ಯಾಬಿನವರು. ಸೊಸೆ ಫೋನು ಹಿಡಿದು ಹಿತ್ತಿಲಿಗೆ ಹೋದಳು.

ಟೈಲರಮ್ಮ ಈರುಳ್ಳಿ ಕೈಯನ್ನು ಒರೆಸಿಕೊಂಡು ಒಲೆಯ ಹತ್ತಿರ ಬಂದಳು. ಉರಿಯನ್ನು ಪೂರ್ತಿ ತಿರುಗಿಸಿದಳು. ಮೊದಲು ನೀರಿನ ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಆಮೇಲೆ ಕೊತಕೊತ ಕುದಿಯತೊಡಗಿತು. ಡಬ್ಬಿ ಪಾತ್ರೆಯ ಅಂಚಿಗೆ ಟಕಟಕ ಬಡಿಯಿತು. ಬಚ್ಚಲಿನಲ್ಲಿ ಕ್ಯಾಪ್ಟನ್ ಏನೋ ಗುನುಗುತ್ತಿದ್ದ. ಅವಳು ನಿಂತು ನೋಡಿದಳು, ಸಾಕೆನ್ನಿಸುವವರೆಗೂ ನೋಡಿದಳು. ಗುನುಗು ನಿಂತು ಬಾಗಿಲ ಚಿಲಕ ಸರಿದ ಸದ್ದಾದಾಗ ಉರಿಯನ್ನು ಮೊದಲಿದ್ದಲ್ಲಿಗೆ ತಂದು, ಆವಿಯಾದಷ್ಟು ತಣ್ಣೀರನ್ನು ಸುರಿದು, ಈರುಳ್ಳಿಗೆ ಮರಳಿದಳು. ಕ್ಯಾಪ್ಟನ್ ಬಂದು ಚಾಕು ಚುಚ್ಚಿ ನೋಡಿ, ಪರವಾಗಿಲ್ಲವೇ, ಇವತ್ತು ಬೇಗ ಆಯಿತು ಎಂದ. ಮುಚ್ಚಳ ಹಾಕಿ ಆರಲು ಇಟ್ಟ.

ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಭಾನುವಾರ ನಾದಿನಿ ಬಂದಳು, ಗಂಡನನ್ನು ಕರೆತಂದಳು, ಬಾಗಿಲಲ್ಲೇ ಅಣ್ಣನನ್ನು ಹೊಗಳಲು ಶುರುಮಾಡಿದಳು. ಊಟಕ್ಕೆ ಕೂತಾಗ ಮಾತೆಲ್ಲ ಹಡಗಿನದು, ಬಂದರುಗಳದು, ಮುಂದೆ ಬರಲಿರುವ ಸಿಹಿಯದು. ಟೈಲರಮ್ಮನ ಮೀನು, ಮಾಂಸ, ತರಕಾರಿ ಮಾತಿನ ನಡುವೆ ಸದ್ದಿಲ್ಲದೆ ಖಾಲಿಯಾದವು. ಇಂಥ ಗಂಡ ಸಿಕ್ಕಿದ್ದಾನಲ್ಲ, ಅತ್ತಿಗೆ ಅದೃಷ್ಟವಂತೆ ಎಂದು ನಾದಿನಿ ತನ್ನ ಗಂಡನ ಕಡೆ ನೋಡುತ್ತ ಹೇಳಿದಳು. ಅವನು ತಟ್ಟೆಯ ಕಡೆ ನೋಡಿಕೊಂಡ.

ಕ್ಯಾಪ್ಟನ್ ದೊಡ್ಡ ಡಬ್ಬಿ ತಂದು ಮೇಜಿನ ನಡುವೆ ಬೋರಲು ಹಾಕಿದ. ಡಬ್ಬಿ ಎತ್ತಿದ.

ಮೊದಲು ನೀರು ಬಂತು. ತೆಳ್ಳಗಿನ ಕಂದು ನೀರು, ತಟ್ಟೆ ಮೀರಿ ಮೇಜಿನ ಬಟ್ಟೆಗೆ ಹರಿಯಿತು. ಆಮೇಲೆ ಗುಡ್ಡೆ ಇಳಿಯಿತು, ಇಳಿದು ಒಂದು ಪಕ್ಕಕ್ಕೆ ಕುಸಿಯಿತು. ಮೈತುಂಬ ತೂತು, ಪಾತ್ರೆ ತಿಕ್ಕುವ ಸ್ಪಂಜಿನ ಹಾಗೆ. ಚಾಕು ಹಾಕಿದರೆ ಒಡೆದ ಹಾಲಿನಂತೆ ಗಟ್ಟಿ ಗಟ್ಟಿ ಬಿಡಿಬಿಡಿಯಾಯಿತು. ಕ್ಯಾಪ್ಟನ್ನನ ಕಿವಿ ಕೆಂಪಾಯಿತು. ಇದು ಕುದ್ದಿದೆ ಎಂದ, ಯಾರಿಗೂ ಅಲ್ಲ, ತಟ್ಟೆಗೆ. ಆಮೇಲೆ ತಲೆ ಎತ್ತಿ ಸೊಸೆಯ ಕಡೆ ತಿರುಗಿದ.

"ಉರಿ ನೋಡ್ಕೋ ಅಂತ ನಿನಗೆ ತಾನೇ ಹೇಳಿದ್ದು?"

ಫೋನು ಬಂತು, ಎರಡು ನಿಮಿಷ ಹೊರಗೆ ಹೋಗಿದ್ದೆ ಎಂದಳು ಸೊಸೆ. ಈಗಿನವರಿಗೆ ಕೈಯಲ್ಲಿ ಫೋನಿದ್ದರೆ ಮನೆ ಹೊತ್ತಿ ಉರಿದರೂ ಗೊತ್ತಾಗಲ್ಲ ಎಂದು ನಾದಿನಿ ನಕ್ಕಳು. ಅಷ್ಟು ಜವಾಬ್ದಾರಿ ಇಲ್ಲದಿದ್ದರೆ ಹೇಗೆ, ಲ್ಯಾಬಿನಲ್ಲೂ ಹೀಗೇನಾ, ಒಬ್ಬರ ರಕ್ತ ಇನ್ನೊಬ್ಬರದು ಅಂತೀಯಾ ಎಂದು ಕ್ಯಾಪ್ಟನ್ ದನಿ ಏರಿಸಿದ. ಮಗ ಹೋಗ್ಲಿ ಬಿಡಪ್ಪಾ ಎಂದವನು ಅಷ್ಟಕ್ಕೇ ನಿಲ್ಲಿಸಿದ. ಮಾತಿಗೆ ಮಾತು ಕೊಡುವ ಸೊಸೆ, ನೆಂಟರ ಮುಂದೆ, ಬಗ್ಗಿಸಿದ ತಲೆ ಎತ್ತಲಿಲ್ಲ. ಅವಳ ಕತ್ತಿನ ನರ ಬಿಗಿದದ್ದು ಟೈಲರಮ್ಮನಿಗೆ ಕಾಣಿಸಿತು.

ಈ ಗಳಿಗೆಯ ರುಚಿ ನೋಡಬೇಕೆಂದೇ ಅವಳು ರಾತ್ರಿಯಿಂದ ಕಾದಿದ್ದಳು. ಈಗ ನೋಡಿದರೆ ಪೆಟ್ಟು ಬೇರೆ ಯಾರ ಬೆನ್ನಿಗೋ ಬೀಳುತ್ತಿತ್ತು.

"ಅವಳನ್ನ ಯಾಕೆ ಅಂತೀರಿ. ಉರಿ ಜಾಸ್ತಿ ಮಾಡಿದ್ದು ನಾನು."

ಕ್ಯಾಪ್ಟನ್ ಅವಳನ್ನು ನೋಡಿದ. "ಗೊತ್ತಾಗದೆ ಕೈ ತಾಗಿರುತ್ತೆ."

"ಗೊತ್ತಿದ್ದೇ ಮಾಡಿದೆ. ಕುದಿಯೋವರೆಗೂ ಪಕ್ಕದಲ್ಲೇ ನಿಂತಿದ್ದೆ."

"ಯಾಕೆ?"

"ನನ್ನ ಮೆಷಿನ್ ಎಲ್ಲಿದೆ ಅಂತ ನಿಮ್ಮ ತಂಗೀನ ಕೇಳಿ."

ನಾದಿನಿ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ನಿಜವಾಗಿಯೂ ಅವಳಿಗೆ ಹೊಳೆಯಲಿಲ್ಲ. "ಯಾವ ಮೆಷಿನ್ ಅತ್ತಿಗೆ?" ಎಂದಳು. ಅವಳ ಗಂಡನೇ ನೆನಪು ಮಾಡಿಕೊಟ್ಟ, ಟಿವಿ ಕೆಳಗೆ ಇತ್ತಲ್ಲ, ಅದು. ಆಗ ನಾದಿನಿಯ ಮುಖ ಹಗುರಾಯಿತು. ಅಯ್ಯೋ ಅದಾ, ತುಕ್ಕು ಹಿಡಿದಿತ್ತು, ಮನೆ ಬದಲಾಯಿಸುವಾಗ ಗುಜರಿಯವನಿಗೆ ಹಾಕಿಬಿಟ್ವಿ ಎಂದಳು.

ಟೈಲರಮ್ಮನ ಕೈಯಲ್ಲಿ ಬಡಿಸುವ ಚಮಚವಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು. ಕ್ಯಾಪ್ಟನ್ ಕುರ್ಚಿ ಸರಿಸಿ ಕೂತ. ಅದು ಯಾವ ಕಾಲದ ಮಾತು, ಈಗ ತೆಗೆಯೋದಾ ಎಂದ.

"ನಿಮಗೆ ಆ ಕಾಲದ್ದು. ನನಗೆ ಇವತ್ತಿಂದು. ನಮ್ಮಮ್ಮ ಹೋಗಿದ್ದ ಮನೆಯಿಂದ ಬಂದೆ ನಾನು, ಮೆಷಿನ್ನೂ ಹೋಗಿತ್ತು. ಒಂದು ಮಾತು ಕೇಳಲಿಲ್ಲ ನೀವು. ಇವತ್ತಿನ ತನಕ ಏನು ತಗೊಳ್ಳೋವಾಗಲೂ ಕೇಳಿಲ್ಲ. ಮೊನ್ನೆ ಡಬ್ಬಿ, ನಿನ್ನೆ ಇನ್ನೊಂದು ಡಬ್ಬಿ."

ನೆಂಟರು ಕಾಫಿಗೆ ನಿಲ್ಲಲಿಲ್ಲ.

ಸಂಜೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು. ಟೈಲರಮ್ಮನಿಗೆ ಗಂಡನ ಮೌನದ ಹೆದರಿಕೆ ಇರಲಿಲ್ಲ, ಅದನ್ನು ಅವಳು ಕಡಲಾಚೆಯಿಂದಲೇ ಬಲ್ಲಳು. ಹೆದರಿದ್ದು ಸೊಸೆಗೆ. ಸೊಸೆ ಹೊಲಿಗೆ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ನಿಮ್ಮ ಸಿಟ್ಟು ನಿಮ್ಮದು ಅತ್ತೆ, ತಪ್ಪು ಅನ್ನಲ್ಲ. ಆದರೆ ಅದಕ್ಕೆ ನನ್ನ ಯಾಕೆ ಅಡ್ಡ ಇಟ್ರಿ?"

ಹಾಗಾಗುತ್ತೆ ಅಂತ ಗೊತ್ತಿರಲಿಲ್ಲ ಎಂದಳು ಟೈಲರಮ್ಮ. ಗೊತ್ತಿರಬೇಕಿತ್ತು, ಈ ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಯಾರ ಕಡೆ ತಿರುಗುತ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದಳು ಸೊಸೆ. ತಪ್ಪಾಯಿತು ಎಂದು ಟೈಲರಮ್ಮ ಹೇಳಿದಳು. ಆ ಮನೆಯಲ್ಲಿ ಆ ಪದವನ್ನು ಬಾಯಿಬಿಟ್ಟು ಹೇಳಿದ್ದು ಅಪರೂಪ. ಸೊಸೆ, ಈ ಮಾತನ್ನ ಮಾವ ಹೇಳಿದ್ದರೆ ಸಾಕಿತ್ತು ಎಂದು ಹೋದಳು.

ಮರುದಿನ ಬೆಳಿಗ್ಗೆ ಒಲೆ ಹೊತ್ತಲಿಲ್ಲ. ಮಗ ಬಸ್ ಡಿಪೋಗೆ ಹೊರಡುವ ಹೊತ್ತಿಗೆ ಬಂದು ನೋಡಿದರೆ ಅಮ್ಮ ಮೆಷಿನ್ನಿನ ಮುಂದೆ ಕೂತು ಶಾಲೆಯ ಸಮವಸ್ತ್ರಕ್ಕೆ ಜೇಬು ಕೂರಿಸುತ್ತಿದ್ದಳು. ತಿಂಡಿ ಎಂದ. ಇನ್ನು ಮೇಲೆ ಅಡುಗೆ ನಾನಲ್ಲ, ಕೈ ಚೆನ್ನಾಗಿರೋವರು ಮನೆಯಲ್ಲಿ ಇರುವಾಗ ನನ್ನದೇನು ಎಂದಳು ಅವಳು, ದಾರ ಕಚ್ಚುತ್ತ. ಮಗ ಅಪ್ಪನ ಹತ್ತಿರ ಹೋದ. ಅಪ್ಪನಿಗೂ ರೇಗಿತು. ಹಡಗು ತುಂಬ ಜನಕ್ಕೆ ಬಿರುಗಾಳಿಯಲ್ಲಿ ನಿಂತು ಬೇಯಿಸಿ ಹಾಕಿದವನು, ನಾಲ್ಕು ಜನರ ಅನ್ನಕ್ಕೆ ಹೆದರುತ್ತೇನಾ, ಮಾಡಿ ತೋರಿಸ್ತೀನಿ ಎಂದ. ಅದು ಹೊಲಿಗೆ ಕೋಣೆಗೂ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

ಟೈಲರಮ್ಮ ಅಂದು ಸಂಜೆ ಮಗನನ್ನೂ ಸೊಸೆಯನ್ನೂ ಕೋಣೆಗೆ ಕರೆದಳು. ಅವಳು ಕೇಳಿದ್ದು ಒಂದೇ.

"ಅವರು ಏನೇ ಮಾಡಲಿ, ತಿನ್ನಿ. ಹೊಟ್ಟೆ ತುಂಬ ತಿನ್ನಿ. ಚೆನ್ನಾಗಿದೆ ಅಂತ ಮಾತ್ರ ಯಾರೂ ಅನ್ನಬಾರದು."

ಸೊಸೆ ಒಂದು ಕ್ಷಣ ಅತ್ತೆಯ ಮುಖ ನೋಡಿದಳು, ಆಮೇಲೆ ಹಿಂದಿನ ದಿನದಿಂದ ಮೊದಲ ಸಲ ನಕ್ಕಳು. ಮಗನಿಗೆ ಇದೆಂಥ ಹುಚ್ಚು ಎನ್ನಿಸಿತು. ಒಂದು ಮಾತಲ್ಲಿ ಏನಿದೆಯಮ್ಮ ಎಂದ. ಏನೂ ಇಲ್ಲದಿದ್ದರೆ ಬಿಡೋದು ಕಷ್ಟವಲ್ಲ ಎಂದಳು ಟೈಲರಮ್ಮ. ಅವನು ಬಾಗಿಲ ತನಕ ಹೋಗಿ ನಿಂತ. ಬೆನ್ನು ಮಾಡಿಕೊಂಡೇ, ನಾನೂ ನಿನಗೆ ಯಾವತ್ತೂ ಹೇಳಿಲ್ಲ ಅಲ್ವಾ ಎಂದ. ಅವಳು ಪೆಡಲ್ ತುಳಿದಳು. ಮೆಷಿನ್ನಿನ ಸದ್ದು ಜೋರಾಗಿತ್ತು.

ಮೊದಲ ವಾರ ಕ್ಯಾಪ್ಟನ್ ಅಧಿಕಾರಿಗಳ ಮೇಜಿನ ಊಟವನ್ನೇ ಹಾಕಿದ. ಬೆಣ್ಣೆಯಲ್ಲಿ ಹುರಿದ ಮೀನು, ಕೆನೆ ಹಾಕಿದ ಸೂಪು, ಹೂವಿನ ಹಾಗೆ ಕತ್ತರಿಸಿದ ಕ್ಯಾರೆಟ್ಟು. ಬಡಿಸಿ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಮೇಜಿನ ತುದಿಯಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಮಗ ಡಿಪೋದ ಮಾತಾಡುತ್ತಿದ್ದ. ಸೊಸೆ ನೀರು ಕೇಳುತ್ತಿದ್ದಳು. ಟೈಲರಮ್ಮ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಹೇಗಿದೆ ಎಂದು ಅವನೇ ಕೇಳಿದ ದಿನ, ಸರಿಯಾಗಿದೆ ಎಂದಳು ಸೊಸೆ, ಥರ್ಮಾಮೀಟರು ನೋಡಿ ಹೇಳುವ ದನಿಯಲ್ಲಿ. ಉಪ್ಪು ಎಂದ. ಇದೆ ಎಂದ ಮಗ.

ಬರುಬರುತ್ತ ಹೂವಿನ ಕ್ಯಾರೆಟ್ಟು ನಿಂತಿತು. ಹಡಗಿನಲ್ಲಿ ತರಕಾರಿ ತೊಳೆಯಲು ಒಬ್ಬನಿದ್ದ, ಪಾತ್ರೆಗೆ ಇನ್ನೊಬ್ಬ. ಇಲ್ಲಿ ಹಾಲು ತರುವವನೂ ಅವನೇ, ಉಕ್ಕಿದರೆ ಒರೆಸುವವನೂ ಅವನೇ. ಮಗನಿಗೆ ಬೆಳಿಗ್ಗೆ ಬೇಗ ಬೇಕು, ಸೊಸೆಯ ಪಾಳಿ ಬದಲಾದರೆ ಮಧ್ಯಾಹ್ನದ ಊಟ ಎರಡು ಸಲ ಬಿಸಿ ಮಾಡಬೇಕು. ಸಂಜೆ ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಬಂದರುಗಳ ಕಥೆ ಹೇಳುತ್ತಿದ್ದವನು ಅಕ್ಕಿ ತೊಳೆಯುವ ಹೊತ್ತಾಯಿತೆಂದು ಕಥೆಯ ನಡುವೆಯೇ ಏಳತೊಡಗಿದ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದ. ಫ್ಲಾನ್ ಮಾಡಲು ಶನಿವಾರಗಳಲ್ಲಿ ಜೀವ ಉಳಿದಿರುತ್ತಿರಲಿಲ್ಲ.

ಬೀದಿ ಮಾತ್ರ ಹೊಗಳಿತು. ಪಾಪ, ಗಂಡನನ್ನ ಈ ವಯಸ್ಸಿನಲ್ಲಿ ಅಡುಗೆಮನೆಯಲ್ಲಿ ನಿಲ್ಲಿಸಿದ್ದಾಳಲ್ಲ, ಎಂಥ ಹೆಂಗಸು ಎಂದು ಎದುರು ಮನೆಯಾಕೆ ಹೇಳಿದ್ದು ಟೈಲರಮ್ಮನ ಕಿವಿಗೂ ಬಂತು. ಇಷ್ಟು ವರ್ಷ ತಾನು ನಿಂತಿದ್ದಾಗ ಆ ಪಾಪ ಎಲ್ಲಿ ಮಲಗಿತ್ತು ಎಂದುಕೊಂಡಳು. ಆ ಹೆಂಗಸಿನ ಲಂಗವನ್ನು ಹೇಳಿದ ದಿನಕ್ಕೆ ಹೊಲಿದು ಕೊಡಲಿಲ್ಲ, ನಾಲ್ಕು ಸಲ ಓಡಾಡಿಸಿದಳು. ಅವಳಿಗೆ ಈಗ ಕೈತುಂಬ ಸಮಯವಿತ್ತು. ಹಗಲು ಬೆಳಕಿನಲ್ಲೇ ಹೊಲಿಗೆ ಮುಗಿಯುತ್ತಿತ್ತು. ಊಟಕ್ಕೆ ಕರೆದಾಗ ಹೋಗಿ ಕೂತರೆ ಮುಂದೆ ಬಿಸಿ ಅನ್ನ ಇರುತ್ತಿತ್ತು. ತುಂಬ ಚೆನ್ನಾಗಿ ಮಾಡುತ್ತಾನೆ ಎಂಬುದೂ ಅವಳಿಗೆ ಗೊತ್ತಾಗುತ್ತಿತ್ತು. ಆ ಮಾತನ್ನು ಅನ್ನದ ಜೊತೆಯಲ್ಲೇ ನುಂಗುತ್ತಿದ್ದಳು.

ಒಂದು ಮಧ್ಯಾಹ್ನ ಅವನು ತಡೆಯಲಾರದೆ ಹೋದ. ಸಾದಾ ಬೇಳೆ, ಮೊಟ್ಟೆ, ಆಲೂಗಡ್ಡೆ. ಎಲ್ಲರೂ ತಟ್ಟೆ ಬಳಿದು ಎದ್ದರು.

"ನಾಯಿಗೆ ಹಾಕಿದ್ರೂ ಬಾಲ ಅಲ್ಲಾಡಿಸುತ್ತೆ" ಎಂದ ಕ್ಯಾಪ್ಟನ್. "ನಿಮಗೆಲ್ಲ ಬಾಯಿಗೇನಾಗಿದೆ?"

ಮಗ ಅಮ್ಮನ ಕಡೆ ನೋಡಿದ. ಟೈಲರಮ್ಮ ಕೈ ತೊಳೆಯಲು ಹೊರಟವಳು ನಿಂತಳು.

"ನಾನೂ ಬಾಲ ನೋಡ್ತಾನೇ ಇದ್ದೆ" ಎಂದಳು. "ಯಾರದ್ದು ಅಲ್ಲಾಡುತ್ತೆ ಅಂತ. ಅಭ್ಯಾಸ ಆಗುತ್ತೆ ಬಿಡಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಾಣಿಸಿತು. ಆ ದಿನ ಪಾತ್ರೆಗಳು ಬಹಳ ಹೊತ್ತು ಸಿಂಕಿನಲ್ಲೇ ಬಿದ್ದಿದ್ದವು.

ಮರುದಿನವೋ ಆಚೆ ದಿನವೋ ಅವನು ಹೊಲಿಗೆ ಕೋಣೆಯ ಬಾಗಿಲಿಗೆ ಬಂದ. ಮನೆಗೆ ಬಂದಾಗಿನಿಂದ ಆ ಹೊಸ್ತಿಲು ದಾಟಿ ಒಳಗೆ ಬಂದವನಲ್ಲ, ಏನಾದರೂ ಬೇಕಾದಾಗ ಬಂದು ತೆಗೆದುಕೊಂಡು ಹೋದದ್ದನ್ನು ಬಿಟ್ಟರೆ. ಈಗ ಹೊಸ್ತಿಲ ಮೇಲೇ ನಿಂತ. ಗುಜರಿಗೆ ಹಾಕಿದ್ದು ನನಗೂ ಗೊತ್ತಿರಲಿಲ್ಲ ಎಂದ. ಗೊತ್ತಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅವಳು ಕೇಳಿದಳು. ಅವನು ಯೋಚಿಸಿದ. ಸುಳ್ಳು ಹೇಳಲಿಲ್ಲ, ಅದೊಂದು ಅವಳಿಗೆ ಸಮಾಧಾನ.

"ಏನೂ ಮಾಡ್ತಿರಲಿಲ್ಲ" ಎಂದ. "ನಿನ್ನ ಕೇಳದೆ ಕೊಡಬಾರದಿತ್ತು ನಾನು. ಸೊಸೆಗೂ ಹಾಗೆ ಅನ್ನಬಾರದಿತ್ತು."

"ಅದನ್ನ ಅವಳಿಗೆ ಹೇಳಿ."

"ಬೆಳಿಗ್ಗೇನೇ ಹೇಳಿದೆ."

ಟೈಲರಮ್ಮ ಕೈಯಲ್ಲಿದ್ದ ತೋಳಿನ ಅಂಚನ್ನು ಮಡಿಚಿ ಉಗುರಿನಿಂದ ಗೆರೆ ಎಳೆದಳು. ಮಾತು ಸರಿಯಾಗಿತ್ತು, ಹೇಳಿದ ರೀತಿಯೂ ಸರಿಯಾಗಿತ್ತು. ಆದರೆ ಒಂದು ಮಾತಿಗೆ ಕರಗುವಷ್ಟು ತೆಳುವಾದದ್ದಾಗಿರಲಿಲ್ಲ ಅವಳೊಳಗಿನದು. ಹೂಂ ಎಂದಳು. ಅವನು ಇನ್ನೂ ಏನೋ ಬರುತ್ತದೆಂದು ನಿಂತಿದ್ದ. ಬರಲಿಲ್ಲ. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಹೋದ.

ಆ ಶನಿವಾರ ಮತ್ತೆ ಸಕ್ಕರೆಯ ವಾಸನೆ ಎದ್ದಿತು. ಅವನು ಅಂಗಡಿಯಿಂದ ತನ್ನದೇ ಒಂದು ಡಬ್ಬಿ ತಂದುಕೊಂಡಿದ್ದ. ಸ್ನಾನಕ್ಕೆ ಹೋಗಲಿಲ್ಲ, ಫೋನು ಬಂದರೆ ಎತ್ತಲಿಲ್ಲ. ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು, ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡು, ನೀರನ್ನೇ ನೋಡುತ್ತ ಕೂತ. ಟೈಲರಮ್ಮ ನೀರು ಕುಡಿಯಲು ಬಂದಾಗ ಬರ್ನರಿನ ತಿರುಪಿನ ಮೇಲೆ ಅವನ ಕೈ ತಾನಾಗಿ ಹೋಯಿತು. ಅವಳಿಗೆ ನಗು ಬಂತು. ಅವನಿಗೆ ಕಾಣದ ಹಾಗೆ ಲೋಟ ಅಡ್ಡ ಹಿಡಿದಳು.

ಭಾನುವಾರ ಊಟವಾದ ಮೇಲೆ ಅವನು ಅದನ್ನು ಮೇಜಿಗೆ ತಂದು ಬೋರಲು ಹಾಕಿದ. ಇಳಿಯಿತು. ಒಂದು ತೂತಿಲ್ಲ, ಒಂದು ಗೀರಿಲ್ಲ, ಕಿಟಕಿಯ ಬೆಳಕು ಅದರ ಮೈಮೇಲೆ ಜಾರುತ್ತಿತ್ತು. ಪಾಕ ಸಾವಕಾಶವಾಗಿ ಸುತ್ತಲೂ ಇಳಿದು ನಿಂತಿತು. ಮೊದಲ ತುಂಡನ್ನು ಹೆಂಡತಿಯ ಮುಂದೆ ಇಟ್ಟ. ಅವಳು ಈ ಸಲ ಹೊಟ್ಟೆ ಸರಿಯಿಲ್ಲ ಎನ್ನಲಿಲ್ಲ. ಮಗ, ಸೊಸೆ ಚಮಚ ಎತ್ತದೆ ಅವಳನ್ನೇ ನೋಡುತ್ತಿದ್ದರು.

ಟೈಲರಮ್ಮ ಒಂದು ಚಮಚ ಬಾಯಿಗಿಟ್ಟಳು. ಅದನ್ನು ಅಗಿಯುವ ಕೆಲಸವೇ ಇರಲಿಲ್ಲ. ನಾಲಗೆ ತಾಗಿದ ಕಡೆ ಕರಗಿ, ಮೊದಲು ಹಾಲು, ಆಮೇಲೆ ನಿಂಬೆಯ ಒಂದು ಎಳೆ, ಕೊನೆಗೆ ಸುಟ್ಟ ಸಕ್ಕರೆಯ ತೆಳು ಕಹಿ. ತನ್ನ ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯದೇನನ್ನೂ ತಿಂದಿಲ್ಲ ಎಂಬುದು ಅವಳಿಗೆ ತಿಳಿಯಿತು. ಅವಸರವಿಲ್ಲದೆ ಪೂರ್ತಿ ತಿಂದಳು. ತಟ್ಟೆಯ ಪಾಕವನ್ನೂ ಚಮಚದಲ್ಲಿ ಬಳಿದಳು. ಕ್ಯಾಪ್ಟನ್ ಹೆಗಲ ಮೇಲಿನ ಬಟ್ಟೆಯ ತುದಿಯನ್ನು ಹಿಂಡುತ್ತ ಮೇಜಿನ ತುದಿಯಲ್ಲಿ ನಿಂತಿದ್ದ.

ಅವಳು ಚಮಚವನ್ನು ತಟ್ಟೆಯಲ್ಲಿಟ್ಟು ತಲೆ ಎತ್ತಿದಳು.

"ನಾಳೆ ಬೆಳಿಗ್ಗೆಗೆ ಏನು ಮಾಡ್ತೀರಿ?"

ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕ್ಯಾಪ್ಟನ್ ಹೆಗಲ ಮೇಲಿನ ಬಟ್ಟೆ ತೆಗೆದು ಮೇಜಿನ ಮೇಲಿಟ್ಟ. ಇನ್ನೂ ಯೋಚನೆ ಮಾಡಿಲ್ಲ ಎಂದ. ಆ ದನಿಯಲ್ಲಿದ್ದ ದಣಿವನ್ನು ಅವಳು ಗುರುತು ಹಿಡಿದಳು. ಅದು ಅವಳದೇ ದನಿ.

"ಮಾಡಿ, ಮಾಡಿ" ಎಂದಳು. "ಊಟ ಆಗ್ತಿದ್ದ ಹಾಗೆ ಶುರುವಾಗುತ್ತೆ ಆ ಯೋಚನೆ."

ಎದ್ದು ತನ್ನ ಕೋಣೆಗೆ ಹೋದಳು. ಹಿಂದೆ ಅವನು ತಟ್ಟೆಗಳನ್ನು ಪೇರಿಸುವ ಸದ್ದು, ನಲ್ಲಿ ಬಿಟ್ಟ ಸದ್ದು. ಸಿಹಿ ಇನ್ನೂ ಬಾಯಲ್ಲೇ ಇತ್ತು, ಅದರ ಮೇಲೆ ನೀರು ಕುಡಿಯಲು ಅವಳಿಗೆ ಮನಸ್ಸಾಗಲಿಲ್ಲ. ಹೇಳಬೇಕು, ಚೆನ್ನಾಗಿದೆ ಎಂದು ಒಂದು ದಿನ ಬಾಯಿಬಿಟ್ಟು ಹೇಳಲೇಬೇಕು ಎಂದುಕೊಂಡಳು. ಅವನ ಕೈ ಅಂಥದ್ದು, ಸುಳ್ಳಲ್ಲ. ಸೂಜಿಗೆ ದಾರ ಪೋಣಿಸಿಕೊಂಡು ಬಟ್ಟೆ ಹತ್ತಿರ ಎಳೆದಳು. ಹೇಳೋಣ, ಈ ಚಳಿಗಾಲ ಕಳೆಯಲಿ.